ನಾಳೆಗೆ ಎಂತ ಆಟ?

ಒಂದೂವರೆ, ಎರಡು ವರ್ಷದ ಮಕ್ಕಳಿಗೆ ವಾರದ ಆಟದ ಯೋಜನೆ ಬರೆಯುತ್ತೇನೆ ಅಂದರೆ ಕಟಪಾಡಿ ಪೇಟೆಯಲ್ಲಿ ನಗುವವರೇ ಹೆಚ್ಚು. “ಅದಕ್ಕೆ ಬರೀಲಿಕ್ಕೆ ಎಂತ ಉಂಟು ಟೀಚರ್? ಮಕ್ಕಳು ಅವರಷ್ಟಕ್ಕೆ ಆಡ್ತಾವಪ್ಪ” ಎನ್ನುತ್ತಾರೆ. ಮಾತು ಸುಳ್ಳಲ್ಲ, ಆಡುವುದು ಅವರೇ. ಆದರೆ ಯಾವುದರ ಜೊತೆ, ಎಲ್ಲಿ ಕೂತು, ಪಕ್ಕದಲ್ಲಿ ಯಾರು ಎಂಬುದನ್ನೆಲ್ಲ ಮೊದಲೇ ಯೋಚಿಸಿಡುವುದರಲ್ಲಿ ಒಂದು ರುಚಿ ಉಂಟು. ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಚಾವಡಿಯಲ್ಲಿ ಕಾಲು ಚಾಚಿ, ನೋಟ್‌ಬುಕ್ಕು ತೊಡೆಯ ಮೇಲಿಟ್ಟುಕೊಂಡರೆ ನನಗೆ ಬೇರೆ ಧಾರಾವಾಹಿ ಬೇಡ.

ಆ ಪುಸ್ತಕದಲ್ಲಿ ಪಾಠ ಎಂಬ ಕಲಂ ಇಲ್ಲ. ಎಡಗಡೆ ಮಗು, ಬಲಗಡೆ ಸಾಮಾನು, ಅಷ್ಟೇ. ಎಡಗಡೆ ಬರೆಯುವುದು ಕಳೆದ ವಾರ ಕಣ್ಣಾರೆ ಕಂಡದ್ದನ್ನು. ಒಬ್ಬ ಕೈಗೆ ಸಿಕ್ಕಿದ್ದನ್ನೆಲ್ಲ ಈ ಮೂಲೆಯಿಂದ ಆ ಮೂಲೆಗೆ ಹೊರುತ್ತಾನೆ. ಒಬ್ಬಳು ಚಮಚ ಬೀಳಿಸಿ, ಸದ್ದು ಕೇಳಿ, ಹೆಕ್ಕಿ, ಪುನಃ ಬೀಳಿಸುತ್ತಾಳೆ. ಇನ್ನೊಬ್ಬಳಿಗೆ ಮೇಜಿನ ಅಡಿಯೇ ಮನೆ. ಮನೆಯಲ್ಲಿ ಇದಕ್ಕೆಲ್ಲ ಬೈಗುಳ ಸಿಗುತ್ತದೆ. ನನ್ನಲ್ಲಿ ಮುಂದಿನ ವಾರದ ಕೆಲಸವೇ ಇಲ್ಲಿಂದ ಹುಟ್ಟುತ್ತದೆ. ಹೊರುವವನಿಗೆ ಹಗ್ಗ ಕಟ್ಟಿದ ಅಡಿಕೆ ಹಾಳೆ, ಮೇಲೆ ಹೇರಲಿಕ್ಕೆ ಮರದ ತುಂಡುಗಳು. ಬೀಳಿಸುವವಳಿಗೆ ತಗಡಿನ ಡಬ್ಬಿ, ಸ್ಟೀಲಿನ ಮುಚ್ಚಳ, ಬಟ್ಟೆಯ ಚೆಂಡು. ಮೂರರ ಸದ್ದೂ ಬೇರೆ. ಮೇಜಿನಡಿಯವಳಿಗೆ ಎರಡು ಕುರ್ಚಿ, ಒಂದು ಹಳೇ ಸೀರೆ.

ಇದೇನೂ ನನ್ನ ಸ್ವಂತ ತಲೆಯಿಂದ ಬಂದದ್ದಲ್ಲ. ಇಂಗ್ಲೆಂಡಿನ ಎಲಿನಾರ್ ಗೋಲ್ಡ್‌ಶ್ಮೀಡ್ ಎಂಬ ಮಹಾತಾಯಿ ಎಷ್ಟೋ ಹಿಂದೆ ಹೇಳಿದ್ದಾಳೆ. ಕೂರಲು ಕಲಿತ ಮಗುವಿಗೆ ಒಂದು ಬುಟ್ಟಿ ತುಂಬ ಮನೆಬಳಕೆಯ ವಸ್ತು. ನಡೆಯಲು ಕಲಿತ ಮಗುವಿಗೆ ಡಬ್ಬಿ, ಸರಪಳಿ, ಮುಚ್ಚಳಗಳ ರಾಶಿ. ದೊಡ್ಡವರು ಹತ್ತಿರದಲ್ಲೇ ಬಾಯಿ ಮುಚ್ಚಿ ಕೂರಬೇಕು. ಈ ಕಡೆಯ ಷರತ್ತೇ ಕಷ್ಟದ್ದು. ನಮ್ಮ ಊರಿನವರಿಗೆ ಮಗು ಕಂಡ ಕೂಡಲೇ “ಇದೆಂತ? ಯಾವ ಬಣ್ಣ? ಹೇಳು ಹೇಳು” ಎಂದು ಪರೀಕ್ಷೆ ಮಾಡದಿದ್ದರೆ ಉಂಡದ್ದು ಕರಗುವುದಿಲ್ಲ.

ನನ್ನ ರಾಶಿಯ ರಾಜ ತೆಂಗಿನ ಗೆರಟೆ. ಅಂಗಡಿಯಲ್ಲಿ ಸಿಗುವುದಲ್ಲ, ತಯಾರು ಮಾಡಬೇಕು. ನಾರು ಕೆತ್ತಿ, ಅಂಚನ್ನು ಕಲ್ಲಿಗೆ ತಿಕ್ಕಿ ಕೈಗೆ ಚುಚ್ಚದ ಹಾಗೆ ನಯ ಮಾಡಿ, ಬಿಸಿನೀರಿನಲ್ಲಿ ತೊಳೆದು ಬಿಸಿಲಿಗಿಡಬೇಕು. ಪ್ರತಿ ಜೋಡಿಯಲ್ಲಿ ಒಂದಕ್ಕೆ ಮೂರು ಕಣ್ಣು, ಅದರಲ್ಲಿ ಮೆತ್ತಗಿನ ಒಂದು ಕಣ್ಣನ್ನು ನಾನು ಬೇಕೆಂದೇ ತೂತು ಮಾಡುತ್ತೇನೆ. ಅಂಗಳದ ನೀರಿನ ಬೋಗುಣಿಯ ಬದಿಯಲ್ಲಿ ಎರಡೂ ಬಗೆಯದನ್ನು ಕಲಸಿ ಇಟ್ಟು, ಹಿಂದೆ ಸರಿದು ಕೂರುವುದು. ಮೊನ್ನೆ ಎರಡು ತುಂಬದ ಪೋರಿಯೊಬ್ಬಳು ಕಣ್ಣಿನ ಗೆರಟೆಯಲ್ಲಿ ನೀರು ಮೊಗೆದು ಎತ್ತಿದಳು. ನೀರು ಸಣ್ಣ ದಾರವಾಗಿ ಹೊಟ್ಟೆಯ ಮೇಲೆ ಇಳಿಯಿತು. ಗೆರಟೆಯ ಒಳಗೆ ನೋಡಿದಳು, ನೀರು ಉಂಟು. ಹೊಟ್ಟೆ ನೋಡಿದಳು, ಅಲ್ಲೂ ಉಂಟು. ಗೆರಟೆಯನ್ನು ತಲೆಯ ಮೇಲಕ್ಕೆತ್ತಿ ಅಡಿಯಿಂದ ಇಣುಕಿದಳು, ಮೂಗಿಗೇ ಬಿತ್ತು. ಆಮೇಲೆ ಬೆರಳು ಇಟ್ಟಳು, ನಿಂತಿತು. ತೆಗೆದಳು, ಬಂತು. ಇಟ್ಟಳು, ತೆಗೆದಳು. ಸಹಾಯಕಿ “ತೂತು ಪುಟ್ಟಾ, ತೂತು!” ಎನ್ನಲು ಬಾಯಿ ತೆರೆದವರು ನನ್ನ ಮುಖ ನೋಡಿ ಸುಮ್ಮನಾದರು. ನೀರಿನ ಪಾಠವನ್ನು ಇದಕ್ಕಿಂತ ಚೆನ್ನಾಗಿ ಯಾವ ಪ್ರೊಫೆಸರೂ ಮಾಡಲಾರ.

ಸಾಮಾನು ಆರಿಸುವಾಗ ಆಸೆಗೆ ಲಗಾಮು ಬೇಕು. ಆಟಿ ತಿಂಗಳು ಬಂದರೆ ನನ್ನ ಕಣ್ಣು ಚೆನ್ನೆಮಣೆಯ ಮೇಲೆ ಹೋಗುತ್ತದೆ. ಹದಿನಾಲ್ಕು ಗುಳಿ, ಕೈತುಂಬ ಕಾಯಿ. ತುಂಬಿ ಸುರಿಯುವ ವಯಸ್ಸಿಗೆ ಹೇಳಿ ಮಾಡಿಸಿದ ಮಣೆ. ಆದರೆ ಆ ಕಾಯಿಗಳು ಮೂರು ವರ್ಷದೊಳಗಿನ ಗಂಟಲಿಗೆ ಅಪಾಯ. ಸುಮಾರು 32 ಮಿಲಿಮೀಟರ್ ಅಗಲದ ಕೊಳವೆಯೊಳಗೆ ಹಿಡಿಸುವ ಯಾವುದೂ ಈ ಪ್ರಾಯದವರ ಕೈಗೆ ಬರಬಾರದೆಂಬುದು ಆಟಿಕೆಯ ಸುರಕ್ಷತೆ ನೋಡುವವರ ಅಳತೆ. ಹಾಗಾಗಿ ಮಣೆ ಇಡುತ್ತೇನೆ, ಕಾಯಿಯ ಬದಲು ಗುಳಿಯಲ್ಲಿ ಹಿಡಿಸದಷ್ಟು ದೊಡ್ಡ ಮರದ ಉಂಡೆ. ಅವರು ಮಣೆಯನ್ನೇ ಮಗುಚಿ ಸೇತುವೆ ಮಾಡುತ್ತಾರೆ. ಗುಲಗಂಜಿಯಂತೂ ಗೇಟಿನೊಳಗೇ ಬೇಡ. ಚೆಂದ ಉಂಟು, ಅಷ್ಟೇ ವಿಷವೂ ಉಂಟು.

ಊರಿನ ದಿನಚರಿಯೂ ನನ್ನ ಪುಸ್ತಕದೊಳಗೆ ಬರಬೇಕಾಗುತ್ತದೆ. ಪಕ್ಕದ ಶಂಕರಪುರದಲ್ಲಿ ಮಲ್ಲಿಗೆ. ಬೆಳಿಗ್ಗೆ ಬೇಗ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂವು ಕೊಳ್ಳುವ ಕಟ್ಟೆಗೆ ಮುಟ್ಟಿಸಬೇಕು. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಹೂ ಕಟ್ಟುವ ತಾಯಂದಿರಿಗೆ ಮಗುವನ್ನು ನೋಡಿಕೊಳ್ಳುವ ಕೈ ಬೇಕಾಗುವುದೇ ಬೆಳಿಗ್ಗೆ. ಅರೆನಿದ್ದೆಯಲ್ಲಿ ಬಂದ ಮಗುವಿಗೆ ಕೂಡಲೇ ಕುಣಿತ ಇಟ್ಟರೆ ಅಳು ಗ್ಯಾರಂಟಿ. ಆದ್ದರಿಂದ ಮೊದಲ ಗಂಟೆಗೆ ನಾನು ಬರೆಯುವುದು ಚಾಪೆ, ತಲೆದಿಂಬು, ಬಾಳೆನಾರಿನ ಸಿಂಬೆ, ಇಷ್ಟೇ. ನಾರು ಬಿಚ್ಚುವುದು, ಸುತ್ತುವುದು. ಅಮ್ಮನ ಕೈಯ ವಾಸನೆ ಅದರಲ್ಲೇ ಇರುತ್ತದೆ. ನಾರು ಕುತ್ತಿಗೆಗೆ ಹೋಗದ ಹಾಗೆ ಒಬ್ಬರು ಪಕ್ಕದಲ್ಲಿ ಇರಲೇಬೇಕು.

ಮಟ್ಟುಗುಳ್ಳದ ಕಾಲದಲ್ಲಿ ಬುಟ್ಟಿಗೆ ಒಂದೆರಡು ಗುಳ್ಳ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬದನೆಯನ್ನು ಆಟಕ್ಕೆ ಕೊಡುವುದೇ ಎಂದು ನಮ್ಮ ಅತ್ತೆ ಬೇಸರ ಮಾಡಿಕೊಂಡಿದ್ದರು. ತೊಟ್ಟಿನ ಮುಳ್ಳು ತೆಗೆದು ಕೊಟ್ಟರೆ ಅದು ಉರುಳುವ ರೀತಿಯೇ ಬೇರೆ: ನೇರ ಹೋಗದೆ ವಾಲಿಕೊಂಡು ತಿರುಗುತ್ತದೆ, ಮಕ್ಕಳೂ ವಾಲಿಕೊಂಡು ಹಿಂದೆ ಓಡುತ್ತಾರೆ. ಎಲ್ಲವೂ ಎರಡೆರಡು ಇರಬೇಕು. ಎರಡು ವರ್ಷದವರು ಒಟ್ಟಿಗೆ ಆಡುವುದಕ್ಕಿಂತ ಪಕ್ಕಪಕ್ಕದಲ್ಲಿ ಆಡುವುದೇ ಹೆಚ್ಚು. ಅಮೆರಿಕದ ಮಿಲ್ಡ್ರೆಡ್ ಪಾರ್ಟನ್ 1932ರಲ್ಲೇ ಇದನ್ನು ಬರೆದಿಟ್ಟಿದ್ದಾಳೆ. “ಹಂಚಿಕೊಳ್ಳು ಮಗಾ” ಎಂದು ಪುರಾಣ ಹೇಳುವ ಬದಲು ಇನ್ನೊಂದು ಗುಳ್ಳ ತಂದರೆ ಜಗಳವೇ ಇಲ್ಲ.

ಕೋಟದ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಆಟಪಾಠಗಳ ಪ್ರಯೋಗ ನಡೆಸಿದವರು, ‘ಬಾಲಪ್ರಪಂಚ’ ಬರೆದವರು. ನನ್ನ ಗಿರಾಕಿಗಳ ಕೈಗೆ ಅದನ್ನು ಕೊಟ್ಟರೆ ಮೊದಲು ಹರಿಯುತ್ತಾರೆ, ಆಮೇಲೆ ತಿನ್ನುತ್ತಾರೆ. ಈ ಪ್ರಾಯದವರನ್ನು ಯೋಜನೆ ಮಾಡುವವರು ಬಹುಕಾಲ ಮರೆತೇಬಿಟ್ಟಿದ್ದರು. 1975ರ ಅಕ್ಟೋಬರ್ 2ರಂದು ಶುರುವಾದ ಅಂಗನವಾಡಿ ಯೋಜನೆಯಲ್ಲಿ ಶಾಲಾಪೂರ್ವ ಶಿಕ್ಷಣ ಇರುವುದು ಮೂರು ತುಂಬಿದವರಿಗೆ. 2023ರಲ್ಲಿ ನಮ್ಮ ರಾಜ್ಯ ಗ್ರಾಮ ಪಂಚಾಯತುಗಳಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರ ತೆರೆಯಲು ಹೊರಟಿತು. ಮರುವರ್ಷ ಕೇಂದ್ರದವರು ಮೂರು ವರ್ಷದೊಳಗಿನವರಿಗೆಂದೇ ‘ನವಚೇತನ’ ಎಂಬ ಚೌಕಟ್ಟು ತಂದರು. 140 ಚಟುವಟಿಕೆ ಅದರಲ್ಲಿ. ಒಳ್ಳೆಯದೇ, ಓದಬೇಕು. ಓದಿದ ಮೇಲೆ ಮುಚ್ಚಿಟ್ಟು ನಿಮ್ಮ ಎದುರಿನ ಮಗುವನ್ನು ನೋಡಬೇಕು.

ಮಂಗಳವಾರದ ಹೊತ್ತಿಗೆ ನನ್ನ ಯೋಜನೆ ಅರ್ಧ ಹಾರಿಹೋಗಿರುತ್ತದೆ. ಹಾರಲಿ, ಬರೆದದ್ದು ಅದಕ್ಕೇ.

ಹುಟ್ಟುಹಬ್ಬಕ್ಕೆಂದು ಬ್ಯಾಟರಿಯ ಆಟಿಕೆ ತರುವ ಬಂಧುಗಳಲ್ಲಿ ಒಂದು ವಿನಂತಿ. ಅದು ತಾನೇ ಕುಣಿಯುತ್ತದೆ, ತಾನೇ ಹಾಡುತ್ತದೆ, ಮಗುವಿಗೆ ಮಾಡಲಿಕ್ಕೆ ಎಂತದೂ ಉಳಿಯುವುದಿಲ್ಲ. ಬದಲಿಗೆ ನಿಮ್ಮ ಅಟ್ಟದಲ್ಲಿರುವ ಮುಚ್ಚಳದ ಡಬ್ಬಿ, ಮರದ ಸೌಟು, ಹಳೇ ಹತ್ತಿ ಸೀರೆಗಳನ್ನು ನಿಮ್ಮೂರಿನ ಕೂಸಿನ ಮನೆಗೋ ಅಂಗನವಾಡಿಗೋ ಕೊಟ್ಟುಬನ್ನಿ. ತುಕ್ಕು ಹಿಡಿದದ್ದು ಮಾತ್ರ ಬೇಡ.