ಸರಕಿಗೊಂದು ವಿಮಾನ

ಏರ್ ಇಂಡಿಯಾ ಬರೀ ಸರಕಿಗೆಂದೇ ವಿಮಾನ ಹಾರಿಸಲು ಶುರುಮಾಡಿದ್ದು 1954ರಲ್ಲಿ, ಒಂದು ಡಕೋಟಾದಿಂದ. ಯುದ್ಧಕಾಲದ ಆ ಡಿಸಿ-3ರಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ಟನ್. ಏಷ್ಯಾದಲ್ಲಿ ಸರಕು ವಿಮಾನ ಹಾರಿಸಿದ ಮೊದಲ ಸಂಸ್ಥೆ ನಮ್ಮದು ಎಂದು ಅಲ್ಲಿನ ಹಳಬರು ಎದೆಯುಬ್ಬಿಸಿ ಹೇಳುತ್ತಿದ್ದರು. 2012ರ ಹೊತ್ತಿಗೆ ಆ ಸಂಸ್ಥೆಯ ಸರಕು ವಿಮಾನಗಳೆಲ್ಲ ನಿಂತುಹೋದವು. ಎಲ್ಲರಿಗಿಂತ ಮೊದಲು ಹೊರಟವರು ಹೀಗೇಕೆ ಹಿಂದುಳಿದರು? ಬೆಂಗಳೂರಿನ ಒಂದು ಕ್ಲಿಯರಿಂಗ್ ಏಜೆನ್ಸಿಯಲ್ಲಿ ಗುಮಾಸ್ತನಾಗಿ ಸೇರಿ, ಅದೇ ಕಸುಬಿನಲ್ಲಿ ತಲೆ ನರೆಸಿಕೊಂಡ ನನಗೆ ಈ ಪ್ರಶ್ನೆ ಯಾವತ್ತೂ ಬಿಟ್ಟಿಲ್ಲ.

ನಾನು ಕೆಲಸಕ್ಕೆ ಸೇರಿದ್ದು 1980ರ ದಶಕದ ಆರಂಭದಲ್ಲಿ. ಆಗ ಬೆಂಗಳೂರಿನ ವಿಮಾನ ನಿಲ್ದಾಣವೆಂದರೆ ಎಚ್‌ಎಎಲ್ ನಿಲ್ದಾಣ. ಅಂತರರಾಷ್ಟ್ರೀಯ ವಿಮಾನ ಇಲ್ಲಿಂದ ಏಳುತ್ತಿರಲಿಲ್ಲ, ಆದರೆ ವಿದೇಶಕ್ಕೆ ಹೋಗುವ ಸರಕಿಗೆ ಬರವಿರಲಿಲ್ಲ. ನೋಟ್‌ಬುಕ್ಕಿನಿಂದ ನಮಗೆಲ್ಲ ಗೊತ್ತಿದ್ದ ಎಂಎಸ್‌ಐಎಲ್ ಇಲ್ಲಿ ಏರ್ ಕಾರ್ಗೋ ಕಾಂಪ್ಲೆಕ್ಸನ್ನೂ ನೋಡಿಕೊಳ್ಳುತ್ತಿತ್ತು. ಅಲ್ಲೇ ಕಸ್ಟಮ್ಸ್ ತಪಾಸಣೆ, ಅಲ್ಲೇ ಸೀಲು. ಆಮೇಲೆ ಸರಕು ಹತ್ತುತ್ತಿದ್ದುದು ಲಾರಿಯನ್ನು. ಬಾಂಡೆಡ್ ಲಾರಿ ರಾತ್ರಿ ಹೊಸೂರು ದಾಟಿ, ಕೃಷ್ಣಗಿರಿ, ವೆಲ್ಲೂರು, ರಾಣಿಪೇಟೆಗಳ ಮೇಲಾಗಿ ಬೆಳಗಿನ ಜಾವಕ್ಕೆ ಮದ್ರಾಸಿನ ಮೀನಂಬಾಕ್ಕಂ ಸೇರಬೇಕು. ಇಲ್ಲವೇ ಇನ್ನೂ ದೂರದ ಹಾದಿ ಹಿಡಿದು ಬೊಂಬಾಯಿಯ ಸಹಾರ್‌ಗೆ. ಏರ್‌ವೇ ಬಿಲ್ ಮಾತ್ರ ಬೆಂಗಳೂರಿನಲ್ಲೇ ಹುಟ್ಟುತ್ತಿತ್ತು.

ಆ ಬಿಲ್ಲಿನ ಬಗ್ಗೆ ನಾಲ್ಕು ಮಾತು ಹೇಳದೆ ಮುಂದೆ ಹೋಗಲಾರೆ. ಹನ್ನೊಂದು ಅಂಕಿಯ ಸಂಖ್ಯೆ, ಅದರಲ್ಲಿ ಮೊದಲ ಮೂರು ವಿಮಾನ ಸಂಸ್ಥೆಯ ಗುರುತು. ಏರ್ ಇಂಡಿಯಾ 098, ಇಂಡಿಯನ್ ಏರ್‌ಲೈನ್ಸ್ 058, ಲುಫ್ತಾನ್ಸಾ 020, ಸಿಂಗಪುರದವರದು 618. ನಾವು ಹೆಸರು ಹೇಳುತ್ತಲೇ ಇರಲಿಲ್ಲ, ‘ಝೀರೋ ನೈನ್ ಏಯ್ಟ್‌ನಲ್ಲಿ ಹಾಕು’ ಅಂದರೆ ಸಾಕು. ಹಸಿರು ಪ್ರತಿ ವಿಮಾನ ಸಂಸ್ಥೆಗೆ, ಗುಲಾಬಿ ಬಣ್ಣದ್ದು ಸರಕು ಪಡೆಯುವವನಿಗೆ, ನೀಲಿ ಕಳಿಸಿದವನಿಗೆ. ಅವುಗಳ ಕೆಳಗೆ ಇನ್ನಷ್ಟು ಹಾಳೆ, ನಡುನಡುವೆ ಕಾರ್ಬನ್. ಕೊನೆಯ ಹಾಳೆಯ ತನಕ ಅಕ್ಷರ ಮೂಡಬೇಕಾದರೆ ಟೈಪ್‌ರೈಟರಿನ ಕೀಲಿಗಳನ್ನು ಕುಟ್ಟಬೇಕಿತ್ತು. ಇನ್ನು ತೂಕ. ತಕ್ಕಡಿ ತೋರಿಸುವ ತೂಕ ಒಂದಾದರೆ, ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಗುಣಿಸಿ 6000ದಿಂದ ಭಾಗಿಸಿದರೆ ಬರುವ ತೂಕ ಇನ್ನೊಂದು. ಯಾವುದು ಹೆಚ್ಚೋ ಅದಕ್ಕೆ ದುಡ್ಡು. ಅಗರಬತ್ತಿಯ ಪೆಟ್ಟಿಗೆಗೂ ಸಿದ್ಧ ಉಡುಪಿನ ಪೆಟ್ಟಿಗೆಗೂ ಲೆಕ್ಕ ಏಕೆ ಬೇರೆಯಾಗುತ್ತದೆಂದು ಹೊಸ ಪಾರ್ಟಿಗಳಿಗೆ ತಿಳಿಸಿ ಹೇಳುವುದರಲ್ಲೇ ಮಧ್ಯಾಹ್ನ ಕಳೆಯುತ್ತಿತ್ತು.

ನಮ್ಮ ಮುಖ್ಯ ಸರಕು ಸಿದ್ಧ ಉಡುಪು. ಅಮೆರಿಕ, ಯುರೋಪುಗಳು ಬಟ್ಟೆಗೆ ಕೋಟಾ ಇಟ್ಟಿದ್ದ ಕಾಲ ಅದು; 2004ರ ಕೊನೆಯವರೆಗೂ ಆ ಪದ್ಧತಿ ನಡೆಯಿತು. ಹಡಗಿನಲ್ಲಿ ಹೋಗಬೇಕಾದ ಅಂಗಿಗಳು ಕಾರ್ಖಾನೆಯಲ್ಲಿ ತಡವಾದರೆ ವಿಮಾನವೇ ಗತಿ. ಡಿಸೆಂಬರ್ ಬಂತೆಂದರೆ, ಆ ವರ್ಷದ ಕೋಟಾ ಮುಗಿಯುವ ಮುಂಚೆ ಕಳಿಸಲೆಂದು, ಮೈಸೂರು ರಸ್ತೆ, ಹೊಸೂರು ರಸ್ತೆಯ ಕಾರ್ಖಾನೆಗಳಿಂದ ಪೆಟ್ಟಿಗೆಗಳು ಒಂದೇ ಸಮನೆ ಬಂದು ಬೀಳುತ್ತಿದ್ದವು. ವಿಮಾನದಲ್ಲಿ ಜಾಗ ಸಿಗುತ್ತಿರಲಿಲ್ಲ. ಪ್ರಯಾಣಿಕರ ವಿಮಾನದ ಹೊಟ್ಟೆಯಲ್ಲಿ ಮೊದಲ ಹಕ್ಕು ಪ್ರಯಾಣಿಕರ ಚೀಲಗಳಿಗೆ, ಆಮೇಲೆ ಅಂಚೆಗೆ, ಕೊನೆಗೆ ಸರಕಿಗೆ. ಬಿಸಿಲೇರಿದ ಮಧ್ಯಾಹ್ನ ವಿಮಾನ ಏಳುವ ತೂಕ ಇಳಿಸಬೇಕಾಗಿ ಬಂದರೆ ಕೆಳಗೆ ಬೀಳುವುದೂ ಸರಕೇ. ಬೆಂಗಳೂರು ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಎತ್ತರದಲ್ಲಿರುವುದರಿಂದ ಇಲ್ಲಿ ಈ ತಾಪತ್ರಯ ಹೆಚ್ಚು. ಆಫ್‌ಲೋಡ್ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಊಟ ಸೇರುತ್ತಿರಲಿಲ್ಲ.

ದೇಶದೊಳಗೆ ಇಂಡಿಯನ್ ಏರ್‌ಲೈನ್ಸ್‌ನ ಬೋಯಿಂಗ್ 737-200ಗಳದ್ದೇ ರಾಜ್ಯ. ಅದರ ಹೊಟ್ಟೆಯೊಳಗೆ ನೆಟ್ಟಗೆ ನಿಲ್ಲುವಂತಿಲ್ಲ. ಲೋಡರ್‌ಗಳು ಮಂಡಿಯೂರಿ, ಬೆನ್ನು ಬಗ್ಗಿಸಿ, ಒಂದೊಂದೇ ಪೆಟ್ಟಿಗೆಯನ್ನು ಒಳಕ್ಕೆ ತಳ್ಳಬೇಕು. ಹೊರಗೆ ನಾವು ಪಟ್ಟಿ ಹಿಡಿದು ನಿಂತಿದ್ದರೆ ಒಳಗಿಂದ ಕೂಗು ಕೇಳುತ್ತಿತ್ತು: ‘ಇನ್ನೆರಡು ಹಿಡೀತದೆ ಸಾರ್, ಮಗ್ಗುಲಾಗಿ ಮಲಗಿಸ್ತೀನಿ, ಕೊಡಿ.’ ಅಳತೆಪಟ್ಟಿ ಮುಟ್ಟದೆ, ಕಣ್ಣಳತೆಯಲ್ಲೇ ಹೇಳಿದ ಆ ಲೆಕ್ಕ ತಪ್ಪಿದ್ದು ನನಗೆ ನೆನಪಿಲ್ಲ. ಏರ್‌ಬಸ್ ಎ300 ಬಂದ ದಿನ ಅವರ ಬೆನ್ನಿಗೂ ಬಿಡುವು. ಅದಕ್ಕೆ ಕಂಟೇನರುಗಳು, ಯಂತ್ರದಿಂದ ಎತ್ತಿ ಒಳಕ್ಕೆ ಉರುಳಿಸಿದರೆ ಆಯಿತು. ನಮ್ಮ ಕಸುಬಿನ ಚರಿತ್ರೆ ಬರೆದವರು ಈ ಲೋಡರ್‌ಗಳಿಗೆ ಒಂದು ಪುಟವನ್ನಾದರೂ ಕೊಡಬೇಕಿತ್ತು.

ಸಹಾರ್‌ಗೆ ಸರಕಿನ ಹಿಂದೆ ಹೋದಾಗಲೆಲ್ಲ ನನ್ನ ಕಣ್ಣು ಹುಡುಕುತ್ತಿದ್ದುದು ಸರಕು ವಿಮಾನಗಳನ್ನು. ಪಕ್ಕೆಯಲ್ಲಿ ದೊಡ್ಡ ಬಾಗಿಲು, ಕಿಟಕಿಯಿಲ್ಲದ ಮೈ. ಏರ್ ಇಂಡಿಯಾ ಹಿಂದೆಯೇ ಪ್ರಯಾಣಿಕರಿಗೂ ಸರಕಿಗೂ ಮಾರ್ಪಡಿಸಿಕೊಳ್ಳಬಲ್ಲ ಬೋಯಿಂಗ್ 707-337ಸಿ ಮಾದರಿಯನ್ನು ಕೊಂಡಿತ್ತು. ಆಮೇಲೆ ವಿದೇಶಿ ಸಂಸ್ಥೆಗಳಿಂದ ಡಿಸಿ-8 ಸರಕು ವಿಮಾನಗಳನ್ನು ಬಾಡಿಗೆಗೆ ತಂದಿತು. 1988ರಲ್ಲಿ ಎರಡು 747-300 ಕಾಂಬಿಗಳು ಬಂದವು: ಮುಖ್ಯ ಅಂತಸ್ತಿನಲ್ಲಿ ಮುಂದೆ ಪ್ರಯಾಣಿಕರು, ನಡುವೆ ಗೋಡೆ, ಹಿಂದೆ ಸರಕು. ಎತ್ತರದ ಯಂತ್ರಗಳನ್ನು ಕಳಿಸುವ ನಮ್ಮಂಥವರಿಗೆ ಅದು ದೊಡ್ಡ ಭಾಗ್ಯ ಅನಿಸಿತ್ತು. ಆದರೆ ಕಾಂಬಿಯ ಗಳಿಗೆ ಚೆನ್ನಾಗಿರಲಿಲ್ಲ. ಅದಕ್ಕೆ ಕೆಲವೇ ತಿಂಗಳ ಹಿಂದೆ, 1987ರ ನವೆಂಬರಿನಲ್ಲಿ, ದಕ್ಷಿಣ ಆಫ್ರಿಕಾದ ಹೆಲ್ಡರ್‌ಬರ್ಗ್ ಎಂಬ 747 ಕಾಂಬಿಯ ಸರಕಿಗೆ ಬೆಂಕಿ ಹೊತ್ತಿ ಹಿಂದೂ ಮಹಾಸಾಗರಕ್ಕೆ ಬಿದ್ದು 159 ಜನ ಸತ್ತಿದ್ದರು. ಜಗತ್ತಿನಾದ್ಯಂತ ಕಾಂಬಿಯ ನಿಯಮಗಳು ಬಿಗಿಯಾದವು.

1985ರ ಜೂನ್ 23ರ, ಏರ್ ಇಂಡಿಯಾದ ಕನಿಷ್ಕ ವಿಮಾನ ದುರಂತದ ನೋವು ನಮ್ಮವರ ಮನಸ್ಸಿನಲ್ಲಿ ಇನ್ನೂ ಹಸಿಯಾಗಿತ್ತು. ಚೀಲದೊಳಗಿನ ಬಾಂಬು 329 ಜೀವಗಳನ್ನು ತೆಗೆದುಕೊಂಡಿತ್ತು. ಆಮೇಲೆ ತಪಾಸಣೆ ಬಿಗಿಯಾಯಿತು. ಪ್ರಯಾಣಿಕರ ವಿಮಾನಕ್ಕೆ ಹಾಕುವ ಸರಕನ್ನು 24 ಗಂಟೆ ಗೋದಾಮಿನಲ್ಲೇ ಇಟ್ಟು ಕಳಿಸುವ ‘ಕೂಲಿಂಗ್’ ಪದ್ಧತಿ ನಮಗೆ ರೂಢಿಯಾಯಿತು. ಬಟ್ಟೆ ಕಾದೀತು. ಹೂವು ಕಾಯುವುದಿಲ್ಲ.

ಹೂವಿನ ಕಥೆ ಶುರುವಾದದ್ದು 1990ರ ದಶಕದಲ್ಲಿ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸೂರು ಕಡೆ ಪಾಲಿಹೌಸುಗಳು ಎದ್ದವು. ರಾಗಿ ಹೊಲದ ಪಕ್ಕದಲ್ಲೇ ಹಾಲೆಂಡಿನ ಮಾರುಕಟ್ಟೆಗೆ ಗುಲಾಬಿ. ಬೆಳಗಿನ ಜಾವ ಕೊಯ್ದು, ಎರಡರಿಂದ ನಾಲ್ಕು ಡಿಗ್ರಿಯಲ್ಲಿ ತಣಿಸಿ, ಉದ್ದನೆಯ ರಟ್ಟಿನ ಪೆಟ್ಟಿಗೆಗಳಲ್ಲಿ ಮಲಗಿಸಿ ಕಳಿಸಬೇಕು. ಜನವರಿ ಕೊನೆಯ ವಾರದಿಂದ ಫೆಬ್ರವರಿ ಹತ್ತರ ತನಕ ಪ್ರೇಮಿಗಳ ದಿನದ ಹಂಗಾಮು, ವರ್ಷದ ಸಂಪಾದನೆ ಆ ಕೆಲವು ದಿನಗಳಲ್ಲಿ. ಒಮ್ಮೆ ಒಂದು ವಿಮಾನ ಸಂಸ್ಥೆಯವರು ನಮ್ಮ ಗುಲಾಬಿಯನ್ನು ಇಳಿಸಿ ಚೀಲ ಹತ್ತಿಸಿದರು. ಪೆಟ್ಟಿಗೆಗಳು ಬಿಸಿಲು ಕಾದ ಟಾರಿನ ಮೇಲೆ ಟ್ರಾಲಿಯಲ್ಲೇ ನಿಂತವು. ಬೆಳೆಗಾರ ಒಂದು ಪೆಟ್ಟಿಗೆ ಬಿಚ್ಚಿ, ಅರಳಿಹೋದ ಮೊಗ್ಗುಗಳನ್ನು ನೋಡಿ, ‘ಬೇಸಾಯಕ್ಕೆ ಬಡ್ಡಿಗೆ ದುಡ್ಡು ತಂದಿದೀನಿ ಅಣ್ಣಾ’ ಎಂದಷ್ಟೇ ಹೇಳಿದರು. ಸರಕಿಗೆ ಅದರದೇ ವಿಮಾನ ಬೇಕು ಎಂಬ ಮಾತನ್ನು ಅಂದಿನಿಂದ ನಾನು ಯಾರ ಮುಂದೆಯೂ ಸಂಕೋಚವಿಲ್ಲದೆ ಆಡುತ್ತಿದ್ದೇನೆ.

ಅಷ್ಟರಲ್ಲಿ ಸರ್ಕಾರ ಬಾಗಿಲು ತೆರೆದಿತ್ತು. 1990ರಲ್ಲಿ ಸರಕಿಗೆ ಮುಕ್ತ ಆಕಾಶ ನೀತಿ ಬಂತು, 1992ರಲ್ಲಿ ಅದೇ ಕಾಯಂ ಆಯಿತು. ವಿದೇಶಿ ಸಂಸ್ಥೆಗಳು ಬೇಕಾದಷ್ಟು ಸರಕು ವಿಮಾನ ತರಬಹುದಾಯಿತು. ಮುಂದೆ ಬೆಂಗಳೂರಿಗೂ ನೇರ ವಿದೇಶಿ ವಿಮಾನಗಳು ಬಂದಾಗ ರಾತ್ರಿ ಪಾಳಿಯಲ್ಲಿ ಎಂಡಿ-11, 747 ಸರಕು ವಿಮಾನಗಳು ಇಳಿಯುವುದನ್ನು ಕಣ್ಣಾರೆ ಕಂಡೆವು. 747-400 ಸರಕು ವಿಮಾನವೊಂದು 110 ಟನ್ ಹೊರುತ್ತದೆ. 1954ರ ಡಕೋಟಾ ಅಷ್ಟು ಹೊರಲು ಮೂವತ್ತೈದಕ್ಕೂ ಹೆಚ್ಚು ಸಲ ಹೋಗಿಬರಬೇಕಿತ್ತು. ಮೂಗಿನ ಬಾಗಿಲು ಮೇಲೆದ್ದು ಒಳಗಿನ ದೀಪ ಕಂಡಾಗ ನಮ್ಮ ಹುಡುಗರು ಕೆಲಸ ಬಿಟ್ಟು ನೋಡುತ್ತ ನಿಂತಿದ್ದರು.

ದೇಶದೊಳಗೆ ಸರಕಿನ ವಿಮಾನವನ್ನೇ ಬದುಕು ಮಾಡಿಕೊಂಡವರು ಬ್ಲೂ ಡಾರ್ಟ್. 1983ರಲ್ಲಿ ಕೊರಿಯರ್ ಆಗಿ ಹುಟ್ಟಿ, 1996ರಲ್ಲಿ 737-200 ಸರಕು ವಿಮಾನ ತಂದು, 2006ರಲ್ಲಿ 757ಕ್ಕೆ ಏರಿದರು. ಅವರವೂ ಹಳೆಯ ವಿಮಾನಗಳೇ. ಆದರೆ ವೇಳಾಪಟ್ಟಿ ಮಾತ್ರ ಸರಕಿನದ್ದು: ಸಂಜೆ ಸಂಗ್ರಹ, ರಾತ್ರಿ ಹಾರಾಟ, ಬೆಳಿಗ್ಗೆ ಬಾಗಿಲಿಗೆ. ಏರ್ ಇಂಡಿಯಾದವರು 2007ರ ಸುಮಾರಿಗೆ ತಮ್ಮ ವಯಸ್ಸಾದ ಎ310ಗಳ ಆಸನ ಕಿತ್ತು ಸರಕಿಗೆ ಮಾರ್ಪಡಿಸಿದರು, ಒಂದೊಂದಕ್ಕೆ ಸುಮಾರು 39 ಟನ್. ಅದೇ ವರ್ಷ ಇಂಡಿಯನ್ ಏರ್‌ಲೈನ್ಸ್ ಅವರೊಳಗೆ ವಿಲೀನವಾಯಿತು. ಅಲ್ಲಿನ ಹಳೆಯ 737-200ಗಳೂ ಸರಕಿಗೆ ಬಂದವು, ಅವುಗಳಲ್ಲಿ ಒಂದು ಅಂಚೆ ಇಲಾಖೆಗಾಗಿ ಕಲ್ಕತ್ತೆಯಿಂದ ಈಶಾನ್ಯಕ್ಕೆ ಹಾರಿತು. ನಮಗೆಲ್ಲ ಆಸೆ ಚಿಗುರಿತು.

ಅದು ಬಾಳಲಿಲ್ಲ. 2008ರ ಜುಲೈನಲ್ಲಿ ಕಚ್ಚಾ ತೈಲ ಬ್ಯಾರೆಲಿಗೆ 147 ಡಾಲರ್ ಮುಟ್ಟಿತು, ಹಳೆಯ ಎಂಜಿನ್ನುಗಳ ಹಸಿವು ದೊಡ್ಡದು. ವರ್ಷದ ಕೊನೆಗೆ ಜಗತ್ತಿನ ವ್ಯಾಪಾರವೇ ಕುಸಿಯಿತು. ಸರಕು ವಿಮಾನದ ಮೂಲ ಕಷ್ಟ ಬೇರೆ ಇದ್ದೇ ಇದೆ: ಪ್ರಯಾಣಿಕರು ಹೋದವರು ತಿರುಗಿ ಬರುತ್ತಾರೆ, ಸರಕು ಬರುವುದಿಲ್ಲ. ಹೋಗುವಾಗ ತುಂಬಿದ್ದು ಬರುವಾಗ ಅರ್ಧ ಖಾಲಿ. ಇದರ ಜೊತೆಗೆ 2007ರಿಂದಲೇ ಏರ್ ಇಂಡಿಯಾಕ್ಕೆ ಬರತೊಡಗಿದ ಹೊಸ 777-300ಇಆರ್ ತನ್ನ ಹೊಟ್ಟೆಯಲ್ಲೇ 20 ಟನ್ನಿನಷ್ಟು ಸರಕು ಒಯ್ಯಬಲ್ಲದು. ಎರಡು ಪ್ರಯಾಣಿಕ ವಿಮಾನಗಳಲ್ಲಿ ಒಂದು ಎ310ರ ಸರಕು ಹೋಗುವಾಗ ಬೇರೆ ವಿಮಾನವೇಕೆ ಎಂದು ಲೆಕ್ಕ ನೋಡುವವರು ಕೇಳಿರಬೇಕು. ಲೆಕ್ಕ ತಪ್ಪೆನ್ನಲಾರೆ. ಆದರೆ ಆರಂಭದಿಂದಲೂ ಸರಕಿಗೆ ಬಹುಪಾಲು ಸಿಕ್ಕಿದ್ದು ಬಾಡಿಗೆಯ ವಿಮಾನ, ಇಲ್ಲವೇ ಪ್ರಯಾಣಿಕರು ಇಳಿದುಹೋದ ವಿಮಾನ. ಮನೆಯಲ್ಲಿ ಅಣ್ಣ ಉಟ್ಟು ಬಿಟ್ಟ ಅಂಗಿಯನ್ನೇ ತಮ್ಮನಿಗೆ ತೊಡಿಸಿ, ಅವನು ಯಾಕೆ ಬೆಳೆಯಲಿಲ್ಲ ಎಂದು ಕೇಳಿದ ಹಾಗಾಯಿತು.

ಅದೇ ಹೊತ್ತಿನಲ್ಲಿ ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಧೈರ್ಯ ಮಾಡಿದರು. 2009ರಲ್ಲಿ ಡೆಕ್ಕನ್ 360 ಶುರು, ನಾಗಪುರವೇ ಕೇಂದ್ರ, ಎ310 ಮತ್ತು ಎಟಿಆರ್ ಸರಕು ವಿಮಾನಗಳು. ನಾಗಪುರ ಹೊಸ ಆಯ್ಕೆಯಲ್ಲ: 1949ರಲ್ಲೇ ದೆಹಲಿ, ಬೊಂಬಾಯಿ, ಕಲ್ಕತ್ತ, ಮದ್ರಾಸುಗಳಿಂದ ಹೊರಟ ಡಕೋಟಾಗಳು ಮಧ್ಯರಾತ್ರಿ ಅಲ್ಲಿ ಸೇರಿ, ಅಂಚೆಚೀಲ ಬದಲಾಯಿಸಿಕೊಂಡು, ಬೆಳಗಿಗೆ ತಮ್ಮ ತಮ್ಮ ಊರು ಸೇರುತ್ತಿದ್ದವು. ಗೋಪಿನಾಥರ ಸಂಸ್ಥೆ 2011ರಲ್ಲಿ ನಿಂತಿತು. ಆ ದಿನಗಳಲ್ಲಿ ಬಂಡವಾಳ ಕೂಡಿಸುವುದು ಎಷ್ಟು ಕಷ್ಟವಿತ್ತೆಂದು ಬಲ್ಲ ನನಗೆ ಅವರ ಯೋಜನೆಯ ಮೇಲೆ ಇಂದಿಗೂ ಗೌರವ.

2008ರ ಮೇ 24ಕ್ಕೆ ನಾವೆಲ್ಲ ದೇವನಹಳ್ಳಿಯ ಹೊಸ ವಿಮಾನ ನಿಲ್ದಾಣಕ್ಕೆ ಗುಳೆ ಹೋದೆವು. ಅಲ್ಲಿನ ಗೋದಾಮುಗಳ ವಿಸ್ತಾರ ನೋಡಿ ಮೊದಲು ದಿಗಿಲಾಯಿತು, ಆಮೇಲೆ ಉಸಿರಾಡಿದೆವು. 2016ರಲ್ಲಿ ಹೂ, ತರಕಾರಿ, ಔಷಧಿಗೆಂದೇ ತಂಪು ಗೋದಾಮು ಬಂತು. ಬಿಸಿಲಲ್ಲಿ ನಿಲ್ಲುವ ಗುಲಾಬಿಯ ಕಷ್ಟ ಬಹುಪಾಲು ತೀರಿತು. ಏರ್‌ವೇ ಬಿಲ್ ಪರದೆಯ ಮೇಲೆ ಹೋಗಿ ಕಾರ್ಬನ್ ಮಾಯವಾಯಿತು. 2024-25ರಲ್ಲಿ ಈ ನಿಲ್ದಾಣದ ಸರಕು ಐದು ಲಕ್ಷ ಟನ್ ದಾಟಿತು.

2020ರ ಮಾರ್ಚ್ 25ರ ಹೊತ್ತಿಗೆ ಪ್ರಯಾಣಿಕರ ವಿಮಾನಗಳೆಲ್ಲ ನಿಂತಾಗ, ಅವುಗಳ ಹೊಟ್ಟೆಯನ್ನೇ ನಂಬಿದ್ದ ನಮ್ಮ ಸರಕು ರಾತ್ರೋರಾತ್ರಿ ಅನಾಥವಾಯಿತು. ಬಾಡಿಗೆ ಹಲವು ಪಟ್ಟು ಏರಿತು. ರಾಷ್ಟ್ರೀಯ ಸಂಸ್ಥೆಯ ಹತ್ತಿರ ಒಂದೂ ಸರಕು ವಿಮಾನವಿರಲಿಲ್ಲ. ಆದರೂ ಅಲ್ಲಿನ ಪೈಲಟ್‌ಗಳು, ಸಿಬ್ಬಂದಿ ಏಪ್ರಿಲ್ ಮೊದಲ ವಾರವೇ ಪ್ರಯಾಣಿಕರ ವಿಮಾನ ತೆಗೆದುಕೊಂಡು ಶಾಂಘೈಗೆ ಹೋಗಿ ವೈದ್ಯಕೀಯ ಸಾಮಗ್ರಿ ಹೊತ್ತು ತಂದರು. ಆ ಜನರ ಬಗ್ಗೆ ನನ್ನ ಅಭಿಮಾನ ಎಂದೂ ಕುಂದಿಲ್ಲ.

ಈಗ ಆ ಸಂಸ್ಥೆ ಟಾಟಾ ಕೈಗೆ ಮರಳಿದೆ. 2023ರಲ್ಲಿ 470 ವಿಮಾನಗಳಿಗೆ ಬೇಡಿಕೆ ಇಟ್ಟರು. ಅದರಲ್ಲಿ ಸರಕು ವಿಮಾನ ಒಂದೂ ಇಲ್ಲ. ಇಂಡಿಗೋ 2022ರಿಂದ ಮಾರ್ಪಡಿಸಿದ ಎ321ಗಳನ್ನು ಸರಕಿಗೆ ಬಿಟ್ಟಿದೆ, ಸುಮಾರು 27 ಟನ್ ಹೊರುತ್ತವೆ, ಹತ್ತಿರದ ದೇಶಗಳಿಗೆ ಒಳ್ಳೆಯದು. ಯುರೋಪಿಗೆ ಅವು ನೇರ ಮುಟ್ಟವು. ಫೆಬ್ರವರಿಯಲ್ಲಿ ದೊಡ್ಡಬಳ್ಳಾಪುರದ ಬೆಳೆಗಾರರು ನಮ್ಮ ಕಚೇರಿಗೆ ಬಂದು ಕೂತಾಗ, ಹುಡುಗರು ಜಾಗಕ್ಕಾಗಿ ಮೊದಲು ಫೋನ್ ಮಾಡುವುದು ಇಂದಿಗೂ ದೋಹಾ, ದುಬೈ, ಫ್ರಾಂಕ್‌ಫರ್ಟ್‌ಗಳ ಸಂಸ್ಥೆಗಳಿಗೇ.