ಆಷಾಢದ ಅಡ್ಡಗಾಳಿ

ಕಳೆದ ಆಷಾಢದಲ್ಲಿ ನಾವು ಸಂಸಾರಸಮೇತರಾಗಿ ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಕಾರಿನಲ್ಲಿ ಹೊರಟಿದ್ದೆವು. ೪೮ನೆಯ ರಾಷ್ಟ್ರೀಯ ಹೆದ್ದಾರಿಯು ಅಲ್ಲಿ ವಾಯವ್ಯಾಭಿಮುಖವಾಗಿ ಸಾಗುವುದರಿಂದ ನೈರುತ್ಯದ ಮಳೆಗಾಳಿಯು ನೇರವಾಗಿ ಎಡಪಕ್ಕೆಗೇ ಬಡಿಯುತ್ತದೆ. ಅದರ ಬಲಕ್ಕೆ ಜೋಗಿಮಟ್ಟಿಯ ಗುಡ್ಡಸಾಲಿನ ಗಾಳಿಯಂತ್ರಗಳೇ ಸಾಕ್ಷಿ. ಐಮಂಗಲ ದಾಟಿದ ಮೇಲೆ ಮಕ್ಕಳು ದೂರದಲ್ಲಿ ಕಂಡ ಯಂತ್ರಗಳನ್ನು ಎಣಿಸತೊಡಗಿದರು. ನಾವೋ, ಗಾಳಿಗೆ ಎದುರಾಗಿ ಸ್ಟಿಯರಿಂಗನ್ನು ಅರಿವಿಲ್ಲದೆಯೇ ಎಡಕ್ಕೆ ಒತ್ತಿ ಹಿಡಿದಿದ್ದೆವು.

ಹೀಗಿರಲು, ಒಂದು ಲಾರಿಯನ್ನು ಬಲಗಡೆಯಿಂದ ಹಿಂದೆ ಹಾಕಹೊರಟೆವು. ಅದರ ಮರೆಗೆ ಬಂದೊಡನೆ ಗಾಳಿ ನಿಂತಿತು. ಕೈಯ ಒತ್ತು ಮಾತ್ರ ನಿಲ್ಲಲಿಲ್ಲ. ಕಾರು ಲಾರಿಯ ಗಾಲಿಗಳತ್ತ ಸರಿಯಿತು. ಗಾಬರಿಯಿಂದ ಬಲಕ್ಕೆ ತಿರುಗಿಸಿದೆವು. ಅಷ್ಟರಲ್ಲಿ ಮರೆ ಮುಗಿದು ಗಾಳಿಯೂ ಬಲಕ್ಕೇ ನೂಕಿತು. ಡಿವೈಡರಿಗೂ ನಮಗೂ ಉಳಿದದ್ದು ಗೇಣಿನ ಅಂತರ. ತಾಯಿಯವರು ಆಂಜನೇಯನನ್ನು ಕೂಗಿಕೊಂಡರು. ವಾಯುಪುತ್ರನನ್ನೇ ಕರೆದದ್ದು ಉಚಿತವೇ ಸರಿ!

ಗಾಳಿಯ ವೇಗವು ಇಮ್ಮಡಿಯಾದರೆ ಅದರ ನೂಕು ನಾಲ್ಮಡಿಯಾಗುತ್ತದೆಂಬುದನ್ನು ನಾವು ಶಾಲೆಯಲ್ಲಿಯೇ ಓದಿದ್ದೆವು, ತಿಳಿದದ್ದು ಅಂದು. ಮೇಲಾಗಿ, ಕಾರಿನ ನೆತ್ತಿಗೆ ಹಾಸಿಗೆ ಪೆಟ್ಟಿಗೆಗಳನ್ನು ಕಟ್ಟಿ, ಗಾಳಿಗೆ ಇನ್ನಷ್ಟು ಮೈಯೊಡ್ಡಿದವರೂ ನಾವೇ. ವೇಗವನ್ನು ತಗ್ಗಿಸಿ, ಸ್ಟಿಯರಿಂಗನ್ನು ಎರಡೂ ಕೈಗಳಿಂದ ಹಿಡಿದು ಮುಂದುವರಿದೆವು. ದುರ್ಗ ಸೇರುವವರೆಗೆ ಮತ್ತಾವ ಲಾರಿಯನ್ನೂ ಹಿಂದೆ ಹಾಕಲಿಲ್ಲ. ಗಾಳಿಯಂತ್ರಗಳ ಎಣಿಕೆ ತಪ್ಪಿತೆಂದು ಮಕ್ಕಳು ಮಾತ್ರ ನಮ್ಮನ್ನು ದೂರುತ್ತಲೇ ಇದ್ದರು.