ಕಾಕಾನ ಕಾರಿನ ಚಾವಿ ಮತ್ತು ಒಂದು ಸತ್ತ ಸೆಲ್ಲು

ಸೆಮಿಸ್ಟರ್ ರಜೆಗೆ ಊರಿಗೆ ಹೋದರೆ ಇಂಜಿನಿಯರಿಂಗ್ ಓದುವವರಿಗೆ ಒಂದು ಕೆಲಸ ಖಾಯಂ. ಮನೆಯಲ್ಲಿ ಕೆಟ್ಟು ಕೂತದ್ದನ್ನೆಲ್ಲ ನಮ್ಮ ಮುಂದೆ ತಂದಿಡುತ್ತಾರೆ. ಮಿಕ್ಸರ್, ಟೇಬಲ್ ಫ್ಯಾನು, ಅಜ್ಜನ ರೇಡಿಯೋ. ಲೋಕಾಪುರದ ನಮ್ಮ ಮನೆಯಲ್ಲಿ ಈ ಸಲ ಬಂದದ್ದು ಕಾಕಾನ ಕಾರಿನ ಚಾವಿ. ನಾವು ಅಂದ್ರೆ ಇಬ್ಬರು, ಅಣ್ಣತಮ್ಮಂದಿರ ಮಕ್ಕಳು. ಒಬ್ಬರದು ಇಸಿ, ಇನ್ನೊಬ್ಬರದು ಮೆಕ್ಯಾನಿಕಲ್.

ಆ ಕಾರು ಶೋಕಿಗೆ ಇಟ್ಟದ್ದಲ್ಲ. ವಾರಕ್ಕೆ ಎರಡು ಸಲ ಆಯಿಯನ್ನು ನಸುಕಿನಲ್ಲಿ ಬಾಗಲಕೋಟೆಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವುದು ಅದರಲ್ಲೇ. ಕಬ್ಬಿನ ಹಂಗಾಮಿನಲ್ಲಿ ರಸ್ತೆ ತುಂಬ ಟ್ರ್ಯಾಕ್ಟರ್‌ಗಳು, ಹೊರಡುವುದು ತಡವಾದರೆ ಮುಗೀತು. ರಿಮೋಟ್ ಮಾತ್ರ ಹತ್ತು ಸಲ ಒತ್ತಿದರೆ ಒಮ್ಮೆ ಕೇಳುತ್ತಿತ್ತು. ಚಳಿ ಇದ್ದ ದಿನ ಅದೂ ಇಲ್ಲ. ಚಾವಿ ತೂರಿಸಿ ಬಾಗಿಲು ತೆಗೆದರೆ ಅಲಾರಾಂ ಕೂಗಿ ಇಡೀ ಓಣಿಯನ್ನು ಎಬ್ಬಿಸುತ್ತಿತ್ತು.

ಸೆಲ್ಲು ಬದಲಿಸೋಣ ಅಂದರೆ ಕಾಕಾ ಒಪ್ಪಲಿಲ್ಲ. “ಸೆಲ್ ತಗದ್ರ ಚಾವಿ ಗಾಡೀನ್ನ ಮರೀತೈತಂತ. ಆಮ್ಯಾಗ ಕೋಡಿಂಗ್ ಅಂತ ಸಾವಿರಗಟ್ಟಲೆ ಕೇಳ್ತಾರ. ಬ್ಯಾಡ ಬಿಡ್ರೋ.” ಯಾರೋ ಅವರಿಗೆ ಹಾಗೆ ಹೇಳಿ ಹೆದರಿಸಿದ್ದರು.

ಚಾವಿ ಹಾಗೆ ಮರೆಯುವುದಿಲ್ಲ. ಇಂಥ ರಿಮೋಟ್ ಪ್ರತಿ ಸಲ ಒತ್ತಿದಾಗಲೂ ಬೇರೆ ಬೇರೆ ಕೋಡ್ ಕಳಿಸುತ್ತದೆ. ಅದರ ಲೆಕ್ಕ ಇರುವುದು ಕರೆಂಟ್ ಹೋದರೂ ಅಳಿಸದ ಮೆಮೊರಿಯಲ್ಲಿ. ಇನ್ನು ಇಂಜಿನ್ ಚಾಲೂ ಆಗಲು ಬೇಕಾದ ಇಮೊಬಿಲೈಸರ್ ಚಿಪ್ಪಿಗಂತೂ ಈ ಸೆಲ್ಲೇ ಬೇಕಿಲ್ಲ. ಚಾವಿ ತೂರಿಸುವ ಜಾಗದ ಸುತ್ತ ಇರುವ ತಂತಿಯ ಸುರುಳಿಯಿಂದ, ಟ್ರಾನ್ಸ್‌ಫಾರ್ಮರಿನಲ್ಲಿ ಆದಂತೆ, ಅದಕ್ಕೆ ವಿದ್ಯುತ್ ಸಿಗುತ್ತದೆ. ಕೆಲವು ಹಳೆಯ ಗಾಡಿಗಳಲ್ಲಿ ಸೆಲ್ಲು ಬದಲಿಸಿದ ಮೇಲೆ ರಿಮೋಟನ್ನು ಮತ್ತೆ ಹೊಂದಿಸಬೇಕಾಗುವುದುಂಟು. ಆ ವಿಧಾನ ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲೇ ಇರುತ್ತದೆ. ಇಷ್ಟು ಹೇಳಿದ ಮೇಲೆ ಕಾಕಾ ಅರೆಮನಸ್ಸಿನಿಂದ ಚಾವಿ ಕೊಟ್ಟರು.

ಚಾವಿಯ ಅಂಚಿನಲ್ಲಿ ಸಣ್ಣ ಕಚ್ಚು ಇರುತ್ತದೆ. ಚಪ್ಪಟೆ ಸ್ಕ್ರೂ ಡ್ರೈವರಿನ ತುದಿಗೆ ಬಟ್ಟೆ ಸುತ್ತಿ, ಆ ಕಚ್ಚಿನಲ್ಲಿಟ್ಟು ಮೆಲ್ಲಗೆ ತಿರುವಿದರೆ ಎರಡು ಹೋಳು ಬಿಡುತ್ತವೆ. ಜೋರು ಮಾಡಿದರೆ ಪ್ಲಾಸ್ಟಿಕ್ ಕೊಂಡಿ ಮುರಿಯುತ್ತದೆ. ಸೆಲ್ಲು ತೆಗೆಯುವ ಮೊದಲು ಒಂದು ಫೋಟೋ ಹೊಡೆದಿಟ್ಟುಕೊಂಡೆವು, ಪ್ಲಸ್ ಯಾವ ಕಡೆ ಇತ್ತು ಅಂತ ಆಮೇಲೆ ವಾದ ಆಗಬಾರದಲ್ಲ! ಸೆಲ್ಲಿನ ಮೇಲೆ ಸಿಆರ್2032 ಎಂದಿತ್ತು. 20 ಅಂದರೆ 20 ಮಿ.ಮೀ. ವ್ಯಾಸ, 32 ಅಂದರೆ 3.2 ಮಿ.ಮೀ. ದಪ್ಪ. ಅಂಗಡಿಯವರು “ಎಲ್ಲಾ ಒಂದೇ ರೀ” ಅಂತ 2025 ಕೊಟ್ಟರೆ ತೆಗೆದುಕೊಳ್ಳಬೇಡಿ. ವೋಲ್ಟೇಜ್ ಅದೇ 3, ಆದರೆ ದಪ್ಪ 2.5 ಮಿ.ಮೀ. ಮಾತ್ರ. ಒಳಗೆ ಸಡಿಲಾಗುತ್ತದೆ.

ಹಳೆಯ ಸೆಲ್ಲಿಗೆ ಮಲ್ಟಿಮೀಟರ್ ಹಚ್ಚಿದೆವು. 2.9 ವೋಲ್ಟ್! ಕಾಕಾ ನಕ್ಕರು, “ನೋಡ್ರಿ, ಸೆಲ್ ಛಲೋ ಐತಿ.”

ಮೊದಲ ವರ್ಷದಲ್ಲಿ ಓದಿದ ಆಂತರಿಕ ರೋಧ ಕೆಲಸಕ್ಕೆ ಬಂದದ್ದು ಇಲ್ಲಿ. ಮೀಟರು ಸೆಲ್ಲಿನಿಂದ ಕರೆಂಟು ಎಳೆಯುವುದೇ ಇಲ್ಲ ಅನ್ನಬಹುದು. ರಿಮೋಟ್ ಎಳೆಯುತ್ತದೆ. ಸೆಲ್ಲಿಗೆ 270 ಓಮ್‌ನ ಒಂದು ರೆಸಿಸ್ಟರ್ ಜೋಡಿಸಿ ಮತ್ತೆ ಅಳೆದಾಗ 2.0ಕ್ಕೆ ಇಳಿಯಿತು. ಅಂದರೆ ಒಳಗಿನ ರೋಧ ಸುಮಾರು 120 ಓಮ್. ಹೊಸ ಸೆಲ್ಲು ಅದೇ ರೆಸಿಸ್ಟರಿಗೆ 3.0 ಕೊಟ್ಟಿತು. ಚಳಿಯಲ್ಲಿ ಈ ರೋಧ ಇನ್ನೂ ಏರುತ್ತದೆ, ಅದಕ್ಕೇ ನಸುಕಿನಲ್ಲಿ ರಿಮೋಟ್ ಕೈಕೊಡುತ್ತಿದ್ದದ್ದು. ಹೊಸದನ್ನು ಹಾಕಿ ಹೋಳು ಕೂಡಿಸಿ ಒತ್ತಿದರೆ ಒಂದೇ ಏಟಿಗೆ ಬಾಗಿಲು ತೆರೆಯಿತು. ಖರ್ಚು ಐವತ್ತು ರೂಪಾಯಿಯೊಳಗೆ.

ಎಲ್ಲರೂ ಖುಷಿಯಲ್ಲಿದ್ದಾಗ ಒಳಗಿನಿಂದ ವೈನಿ ಕೇಳಿದರು, “ಆ ಹಳೇದು ಎಲ್ಲೈತಿ? ಕೂಸು ಬಾಯಾಗ ಹಾಕ್ಕೊಂಡೀತು.” ಸೆಲ್ಲು ನಮ್ಮ ಕೈಯಲ್ಲೇ ಇತ್ತು. ಆದರೆ ಆ ದಿನ ಕೇಳಿದ ಪ್ರಶ್ನೆಗಳಲ್ಲಿ ತೂಕದ್ದು ಅದೇ.

ಯಾಕೆಂದರೆ ರಿಮೋಟಿನ ಪಾಲಿಗೆ ಸತ್ತ ಸೆಲ್ಲು ಗಂಟಲಿನ ಪಾಲಿಗೆ ಸತ್ತಿರುವುದಿಲ್ಲ. ನೀರನ್ನು ವಿಭಜಿಸಲು ಸಿದ್ಧಾಂತದಂತೆ 1.23 ವೋಲ್ಟ್ ಸಾಕು. ಇದರಲ್ಲಿ ಇನ್ನೂ 2.9 ಇದೆ. 20 ಮಿ.ಮೀ. ಅಗಲದ ಬಿಲ್ಲೆ ಸಣ್ಣ ಮಕ್ಕಳ ಅನ್ನನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಅಲ್ಲಿನ ತೇವದಲ್ಲಿ ಕರೆಂಟು ಹರಿದು ಋಣ ತುದಿಯ ಹತ್ತಿರ ಕ್ಷಾರ ಹುಟ್ಟುತ್ತದೆ. ಎರಡೇ ತಾಸಿನಲ್ಲಿ ಒಳಗೆ ಆಳವಾಗಿ ಸುಟ್ಟಿರಬಹುದು. ಅಮೆರಿಕದಲ್ಲಿ ಹೀಗೆ ಸೆಲ್ಲು ನುಂಗಿ 2020ರಲ್ಲಿ ತೀರಿಕೊಂಡ ರೀಸ್ ಎಂಬ ಒಂದೂವರೆ ವರ್ಷದ ಕೂಸಿನ ಹೆಸರಿನಲ್ಲಿ 2022ರಲ್ಲಿ ಕಾನೂನೇ ಬಂತು. ನುಂಗಿದ ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಬಾರದು, ಕಾಯಬಾರದು. ಎಕ್ಸ್‌ರೇ ಇರುವ ಆಸ್ಪತ್ರೆಗೆ ಓಡಬೇಕು. ಎಕ್ಸ್‌ರೇದಲ್ಲಿ ಅದು ನಾಣ್ಯದ ಹಾಗೆ ಕಾಣಬಹುದು, ಆದ್ದರಿಂದ ಸೆಲ್ಲು ಎಂದು ಬಾಯಿಬಿಟ್ಟು ಹೇಳಬೇಕು.

ಹಳೆಯ ಸೆಲ್ಲಿನ ಎರಡೂ ಮುಖಕ್ಕೆ ಟೇಪು ಸುತ್ತಿ, ಡಬ್ಬಿಗೆ ಹಾಕಿ, ಅಟ್ಟದ ಮೇಲಿಟ್ಟೆವು. ರಜೆ ಮುಗಿದ ಮೇಲೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಟ್ಟೆವು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರವೂ ಇದನ್ನು ಮನೆಯ ಕಸದಲ್ಲಿ ಬೆರೆಸುವಂತಿಲ್ಲ.

ಇದೇ ಸೆಲ್ಲು ನಿಮ್ಮ ಡೆಸ್ಕ್‌ಟಾಪ್‌ನ ಮದರ್‌ಬೋರ್ಡಿನಲ್ಲಿದೆ, ಪ್ರಾಜೆಕ್ಟಿಗೆ ತಂದ ಗಡಿಯಾರದ ಮಾಡ್ಯೂಲಿನಲ್ಲಿದೆ, ಮನೆಯ ತೂಕದ ಯಂತ್ರದಲ್ಲೂ ಇರಬಹುದು. ಬಿಚ್ಚಲು ಹೆದರಬೇಡಿ. ಹೊಸದನ್ನು ಕೂಡಿಸಿದ ಮೇಲೆ, ಚಪ್ಪಾಳೆಗೆ ಮೊದಲು, ಹಳೆಯದು ಎಲ್ಲಿದೆ ನೋಡಿಕೊಳ್ಳಿ.